ಅಜ್ಜಿಯ ಲೆಕ್ಕದ ಪುಸ್ತಕ

ಮಕ್ಕಳೇ, ಮಕ್ಕಳ ಅಪ್ಪ ಅಮ್ಮಂದಿರೇ,

ನಾನು ನಿಮ್ಮ ಕನ್ನಡ ಶಾಲೆಯಲ್ಲಿ ಓದುವ ಒಬ್ಬ ಹುಡುಗಿಯ ಅಜ್ಜಿ. ಭಾನುವಾರ ಶಾಲೆಯ ಹೊರಗಿನ ಬೆಂಚಿನ ಮೇಲೆ ಶಾಲು ಹೊದ್ದುಕೊಂಡು, ತೊಡೆ ಮೇಲೆ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು ಕೂತಿರುತ್ತಿದ್ದ ಮುದುಕಿಯನ್ನು ನೀವು ನೋಡಿರಬಹುದು. ಅದು ನಾನೇ. ನಿಮ್ಮ ಟೀಚರ್ ಬಂದು, "ಅಜ್ಜಿ, ಮೊದಲ ಸಲ ಆಸ್ಟ್ರೇಲಿಯಾ ನೋಡಿದ್ದೀರಿ. ಹೇಗನ್ನಿಸಿತು ಅಂತ ನಮ್ಮ ಪತ್ರಿಕೆಗೆ ಬರೆದುಕೊಡಿ" ಅಂದರು. ನನಗೆ ಕಥೆ ಕಟ್ಟಿ ಬರೆಯೋಕೆ ಬರಲ್ಲ, ಲೆಕ್ಕ ಬರೆಯೋಕೆ ಬರುತ್ತೆ. ಹಾಗಾಗಿ ಆ ಉದ್ದನೆಯ ಪುಸ್ತಕವನ್ನೇ ಮುಂದಿಟ್ಟುಕೊಂಡು ಬರೀತಿದ್ದೀನಿ.

ನಮ್ಮದು ಹಾಸನ ಜಿಲ್ಲೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ನಾನು 22 ವರ್ಷ ಕಾರ್ಯದರ್ಶಿಯಾಗಿದ್ದೆ. ಬೆಳಗ್ಗೆ ಸಂಜೆ ಯಾರು ಎಷ್ಟು ಹಾಲು ಹಾಕಿದರು, ಫ್ಯಾಟ್ ಎಷ್ಟು, ಬಟವಾಡೆ ಎಷ್ಟು, ಎಲ್ಲ ನನ್ನ ಕೈಬರಹದಲ್ಲೇ ಇರಬೇಕು. ಒಂದು ಪೈಸೆ ಹೆಚ್ಚುಕಮ್ಮಿ ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೆಲಸ ಬಿಟ್ಟ ಮೇಲೂ ಆ ಅಭ್ಯಾಸ ಹೋಗಲಿಲ್ಲ. 2024ರ ಮೇ 26ಕ್ಕೆ ಸಿಡ್ನಿಗೆ ಬಂದಿಳಿದಾಗಲೂ ಬ್ಯಾಗಿನಲ್ಲಿ ಒಂದು ಹೊಸ ಲೆಕ್ಕದ ಪುಸ್ತಕ ಇತ್ತು.

ಮೊದಲನೇ ಸಾಲು ವಿಮಾನ ನಿಲ್ದಾಣದ್ದೇ. ವಿಮಾನದಲ್ಲಿ ಒಂದು ಕಾರ್ಡ್ ಕೊಟ್ಟಿದ್ದರು. ತಿನ್ನುವ ಪದಾರ್ಥ ತಂದಿದ್ದೀರಾ, ಮೂವತ್ತು ದಿನದ ಒಳಗೆ ಹೊಲ ಗದ್ದೆ, ದನಕರುಗಳ ಹತ್ತಿರ ಹೋಗಿದ್ದೀರಾ ಅಂತೆಲ್ಲ ಅದರಲ್ಲಿ ಕೇಳಿತ್ತು. ಹೊರಡೋ ದಿನ ಬೆಳಗ್ಗೆ ತಾನೇ ಹಸುವಿನ ಹಾಲು ಕರೆದು ಬಂದವಳು ನಾನು. ಪಕ್ಕದ ಸೀಟಿನ ಹುಡುಗನ ಹತ್ತಿರ "ಹೌದು" ಅಂತಲೇ ಬರೆಸಿದೆ. ಅಧಿಕಾರಿ ನನ್ನ ಚಪ್ಪಲಿ ತಿರುಗಿಸಿ ನೋಡಿ, ತೊಳೆದು ಒರೆಸಿ ಕೊಟ್ಟ. ಮೊಮ್ಮಗಳಿಗೆ ಅಂತ ಕಾಯಿಸಿ ಕಾಯಿಸಿ ಮಾಡಿದ್ದ ಹಾಲಿನ ಪೇಡ ಮಾತ್ರ ತೆಗೆದಿಟ್ಟುಕೊಂಡ. ಹೊಟ್ಟೆ ಉರೀತು. ಆಮೇಲೆ ಅಳಿಯ ಕಾರಣ ಹೇಳಿದ. ನಮ್ಮ ದನಗಳಿಗೆ ಬರುತ್ತಲ್ಲ ಕಾಲುಬಾಯಿ ಜ್ವರ, ಅದು ಈ ದೇಶದಲ್ಲಿಲ್ಲವಂತೆ. ಹಾಲು, ಮಾಂಸ, ಕೊನೆಗೆ ಚಪ್ಪಲಿಗೆ ಅಂಟಿದ ಮಣ್ಣಿನಲ್ಲೂ ಅದು ಬಂದುಬಿಡಬಹುದು ಅಂತ ಇಷ್ಟು ಕಾವಲು. ಕಾಲುಬಾಯಿ ಬಂದ ವರ್ಷ ನಮ್ಮ ಡೇರಿಯಲ್ಲಿ ಹಾಲು ಅರ್ಧಕ್ಕೆ ಇಳಿದಿದ್ದನ್ನು ಕಣ್ಣಾರೆ ಕಂಡವಳು ನಾನು. ಪೇಡ ಹೋದರೆ ಹೋಗಲಿ ಅಂತ ಸುಮ್ಮನಾದೆ.

ಮಗಳ ಮನೆ ಇರೋದು ವೆಂಟ್‌ವರ್ತ್‌ವಿಲ್ ಕಡೆ. ಮೊದಲನೇ ವಾರ ನನ್ನ ಪುಸ್ತಕದ ತುಂಬ ಬರೀ ಗುಣಾಕಾರ. ಆಗ ಒಂದು ಡಾಲರಿಗೆ ಹೆಚ್ಚುಕಮ್ಮಿ 55 ರೂಪಾಯಿ. ಕಾಫಿ 5 ಡಾಲರ್, 275 ರೂಪಾಯಿ. ಒಂದು ಹಿಡಿ ಕೊತ್ತಂಬರಿ ಸೊಪ್ಪು 3 ಡಾಲರ್, 165 ರೂಪಾಯಿ. ಕರಿಬೇವು ನಾಲ್ಕು ಎಸಳಿಗೂ ಹಾಗೇ ಇನ್ನೊಂದು 165. ನಮ್ಮ ಹಿತ್ತಲಿನ ಕರಿಬೇವಿನ ಗಿಡ ನೆನಪಾಗಿ, ಅದು ಇಲ್ಲಿದ್ದಿದ್ದರೆ ಎಷ್ಟು ಲಕ್ಷದ ಗಿಡ ಅಂತ ಲೆಕ್ಕ ಹಾಕಿದೆ.

ದಿನಾ ಮಧ್ಯಾಹ್ನ ಊರಿಗೆ ಫೋನು. ಇಲ್ಲಿ ಹನ್ನೆರಡೂವರೆ ಆದರೆ ಅಲ್ಲಿ ಬೆಳಗ್ಗೆ ಎಂಟು, ನಮ್ಮ ಯಜಮಾನರು ಡೇರಿಗೆ ಹಾಲು ಹಾಕಿ ಬಂದು ಕೂತಿರುತ್ತಾರೆ.

"ಏನಂದೆ? ಕಾಫಿಗೆ ಇನ್ನೂರ ಎಪ್ಪತ್ತೈದಾ? ಲೋಟಾನೂ ಕೊಡ್ತಾರಾ?"

"ಕಾಗದದ ಲೋಟ ಕೊಡ್ತಾರೆ. ಕುಡಿದು ಬಿಸಾಕ್ಬೇಕು."

"ಬಿಸಾಕ್ಬೇಡ, ತಗೊಂಬಾ."

ನಗಬೇಡಿ. ಮೊದಲನೇ ಸಲ ಬಂದ ನಿಮ್ಮ ಅಜ್ಜಿ ತಾತಂದಿರನ್ನು ಕೇಳಿನೋಡಿ, ಎಲ್ಲರೂ ಈ ಐವತ್ತೈದರ ಮಗ್ಗಿ ಹೇಳಿದವರೇ.

ಬೆಲೆ ಬಿಟ್ಟು ಬೇರೆ ವಿಚಿತ್ರಗಳನ್ನೂ ಬರೆದಿಟ್ಟಿದ್ದೀನಿ. ಇಲ್ಲಿಯ ನೋಟು ಪ್ಲಾಸ್ಟಿಕ್ಕಿನದು. ಸೆರಗಿನಲ್ಲಿ ಕಟ್ಟಿಕೊಂಡು ಮರೆತು ಒಗೆದರೂ ಏನೂ ಆಗಲಿಲ್ಲ. ಒಂದು ಸೆಂಟ್, ಎರಡು ಸೆಂಟಿನ ಚಿಲ್ಲರೆಯೇ ಇಲ್ಲ, 1992ರಿಂದ ವಾಪಸ್ ತಗೊಳ್ಳೋಕೆ ಶುರು ಮಾಡಿದರಂತೆ. ಆದರೆ ಅಂಗಡಿಯಲ್ಲಿ 7 ಡಾಲರ್ 98 ಸೆಂಟ್ ಅಂತ ಬರೆದಿರುತ್ತಾರೆ! ನಗದು ಕೊಟ್ಟರೆ 8 ಡಾಲರ್. ಅದೇ 7 ಡಾಲರ್ 97 ಸೆಂಟ್ ಆದರೆ 7.95. ಈ ಎರಡು ಮೂರು ಸೆಂಟ್ ಯಾವ ಖಾತೆಗೆ ಬರೀತಾರೋ ಅಂತ ನನಗೆ ಒಂದು ವಾರ ಯೋಚನೆ. ನಲ್ಲಿ ನೀರನ್ನು ಹಾಗೇ ಕುಡೀತಾರೆ. ಬಸ್ಸಿನಿಂದ ಇಳಿಯೋವಾಗ ಡ್ರೈವರಿಗೆ "ಥ್ಯಾಂಕ್ಯೂ" ಅಂತ ಕೂಗ್ತಾರೆ. ಮನೆ ಬಾಡಿಗೆ ತಿಂಗಳಿಗಲ್ಲ, ವಾರದ ಲೆಕ್ಕ. ಕಸದ ಡಬ್ಬಿಗೆ ಕೆಂಪು, ಹಳದಿ, ಹಸಿರು ಮುಚ್ಚಳ. ಯಾವ ವಾರ ಯಾವ ಬಣ್ಣದ್ದನ್ನು ಬೀದಿಗೆ ಇಡಬೇಕು ಅಂತ ಪುಟ್ಟಿ ನನಗೆ ಪಾಠ ಮಾಡಿದಳು. ಪುಟ್ಟಿ ಅಂದರೆ ನನ್ನ ಮೊಮ್ಮಗಳು, ಎಂಟು ವರ್ಷ.

ನನಗೆ ತುಂಬ ಹಿಡಿಸಿದ್ದು ಖಾಲಿ ಬಾಟಲಿಯ ಮೆಷಿನ್ನು. ಒಂದು ಬಾಟಲಿ ಒಳಗೆ ತಳ್ಳಿದರೆ 10 ಸೆಂಟ್. ಐದೂವರೆ ರೂಪಾಯಿ, ಅದೂ ಖಾಲಿ ಬಾಟಲಿಗೆ! ಅಕ್ಕಪಕ್ಕದ ಮನೆಯವರೂ ತಮ್ಮ ಬಾಟಲಿ ಕೊಡೋಕೆ ಶುರು ಮಾಡಿದರು. ಮೊದಲನೇ ಸಲ 43 ಬಾಟಲಿ ಹಾಕಿದೆವು, 4 ಡಾಲರ್ 30 ಸೆಂಟ್ ಬಂತು. ಹಾಲಿನ ಬಾಟಲಿ ಮಾತ್ರ ತಗೊಳ್ಳಲಿಲ್ಲ. ಡೇರಿಯವಳಿಗೆ ಇದು ಸ್ವಲ್ಪ ಅವಮಾನವೇ. ಪುಸ್ತಕದಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಜಮಾ ಅಂತ ನಾನು ಬರೆದಿದ್ದು ಈ ಬಾಟಲಿ ದುಡ್ಡು ಒಂದೇ. ಬಲಗಡೆ ಪುಟ ತುಂಬಿ ಹರೀತಿತ್ತು. ಯಾಕಂದರೆ ನಾನು ಅಲ್ಲಿ ಬರೀತಿದ್ದದ್ದು ನನ್ನ ಖರ್ಚನ್ನಲ್ಲ, ನನ್ನಿಂದ ಮಗಳಿಗೆ ಆಗ್ತಿದ್ದ ಖರ್ಚನ್ನು. ಟಿಕೆಟ್ಟು, ವೀಸಾ, ಇನ್ಶೂರೆನ್ಸು, ಚಳಿಗೆ ಕೊಡಿಸಿದ ಕೋಟು, ನನಗೋಸ್ಕರ ರಾತ್ರಿಯೆಲ್ಲ ಉರಿಯೋ ಹೀಟರು. ಅವರು ಮಲಗಿದ ಮೇಲೆ ಎದ್ದು ಹೀಟರ್ ಆರಿಸಿ ಬರ್ತಿದ್ದೆ.

ಒಂದು ಶನಿವಾರ ಪರಮಟ್ಟಾದಿಂದ ಸರ್ಕ್ಯುಲರ್ ಕೀಗೆ ಫೆರ್ರಿಯಲ್ಲಿ ಕರ್ಕೊಂಡು ಹೋದರು. 1932ರಲ್ಲಿ ತೆರೆದ ಆ ಕಬ್ಬಿಣದ ಸೇತುವೆ ಕೆಳಗೆ ದೋಣಿ ನುಗ್ಗಿದ ತಕ್ಷಣ ಎದುರಿಗೆ ಆಪೆರಾ ಹೌಸ್. ನೀವು ಎಷ್ಟು ಸಲ ನೋಡಿದ್ದೀರೋ, ನನಗೆ ಮಾತ್ರ ಒಲೆ ಪಕ್ಕ ತೊಳೆದು ಒರಗಿಸಿಟ್ಟ ಬಿಳೀ ತಟ್ಟೆಗಳ ಹಾಗೆ ಕಂಡಿತು. "ಫೆರ್ರಿಗೆ ಎಷ್ಟಾಯ್ತು?" ಅಂತ ಕೇಳಿದೆ. ವಾರದ ಕೊನೆಗೆ ಓಪಲ್ ಕಾರ್ಡಿನಲ್ಲಿ ದಿನಕ್ಕೆ ಒಂಬತ್ತು ಡಾಲರ್ ಆಸುಪಾಸಿಗೆ ನಿಂತುಬಿಡುತ್ತೆ, ಆಮೇಲೆ ಎಷ್ಟು ಸುತ್ತಿದರೂ ಕತ್ತರಿಸಲ್ಲ ಅಂದಳು ಮಗಳು. ಹಾಗಿದ್ದರೆ ಇನ್ನೊಂದು ಸುತ್ತು ಹೋಗೋಣ ಅಂದೆ. ಎಲ್ಲರೂ ನಕ್ಕರು. ಲೆಕ್ಕದಿಂದಲೂ ಒಮ್ಮೊಮ್ಮೆ ಸಂತೋಷ ಸಿಗುತ್ತೆ ನೋಡಿ.

ಜುಲೈ ರಜೆಯಲ್ಲಿ ಮೆಲ್ಬರ್ನಿಗೆ ಹೊರಟೆವು. ನನ್ನ ತಂಗಿಯ ಮಗ ಅಲ್ಲಿದ್ದಾನೆ. ಕಾರಿನಲ್ಲಿ ಸುಮಾರು 870 ಕಿಲೋಮೀಟರ್, ಅಂದರೆ ನಮ್ಮ ಹಾಸನದಿಂದ ಬೀದರ್ ಮುಟ್ಟಿ ಇನ್ನೂ ಮುಂದೆ ಹೋದ ಹಾಗೆ. ಗೋಲ್‌ಬರ್ನ್ ಅನ್ನೋ ಊರಿನಲ್ಲಿ ಮನೆಗಿಂತ ಎತ್ತರದ ಒಂದು ಸಿಮೆಂಟಿನ ಟಗರು ನಿಂತಿದೆ. ದಾರಿಯುದ್ದಕ್ಕೂ ಕುರಿ, ದನ. ಕಾಯೋಕೆ ಒಬ್ಬರೂ ಇಲ್ಲ. ಆಲ್ಬರಿ ಹತ್ತಿರ ಮರ್ರೆ ನದಿ ದಾಟಿದರೆ ಇನ್ನೊಂದು ರಾಜ್ಯ, ವಿಕ್ಟೋರಿಯಾ.

ಮೆಲ್ಬರ್ನ್ ತುಂಬ ಟ್ರಾಮ್ ಓಡ್ತವೆ. ಲೋಕದಲ್ಲೇ ಅಷ್ಟು ಉದ್ದದ ಟ್ರಾಮ್ ದಾರಿ ಬೇರೆ ಯಾವ ಊರಿಗೂ ಇಲ್ಲವಂತೆ. ಊರ ನಡುವೆ ಹತ್ತಿ ಕೂತಾಗ ನಾನು ಪರ್ಸ್ ತೆಗೆದೆ. "ದೊಡ್ಡಮ್ಮ, ಈ ಭಾಗದಲ್ಲಿ ಟ್ರಾಮ್ ಫ್ರೀ" ಅಂದ ತಂಗಿ ಮಗ.

"ಹೆಂಗಸರಿಗಾ? ಆಧಾರ್ ಕಾರ್ಡ್ ಊರಲ್ಲೇ ಬಿಟ್ಟು ಬಂದಿದೀನಲ್ಲೋ!"

2023ರ ಜೂನ್‌ನಿಂದ ನಮ್ಮಲ್ಲಿ ಶಕ್ತಿ ಯೋಜನೆ ಬಂದಿದೆ. ಹೆಂಗಸರು ಆಧಾರ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಜೀರೋ ಟಿಕೆಟ್ ಕೊಡ್ತಾರೆ. ನಾನು ಅದೇ ಗುಂಗಿನಲ್ಲಿದ್ದೆ. ಇಲ್ಲಿ ಹೆಂಗಸರು ಗಂಡಸರು ಅಂತಿಲ್ಲ, ಆ ಗಡಿಯೊಳಗೆ ಎಲ್ಲರಿಗೂ ಫ್ರೀ, 2015ರಿಂದ. ಗಡಿ ದಾಟಿದರೆ ಮಾತ್ರ ಮೈಕಿ ಕಾರ್ಡ್ ಬೇಕು. ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿಗೂ ಹೋದೆವು. 1878ರಿಂದ ನಡೀತಿರೋ ಸಂತೆ. ಸಂಜೆ ಮುಚ್ಚೋ ಹೊತ್ತಿಗೆ ವ್ಯಾಪಾರಿಗಳು ಕೂಗಿ ಕೂಗಿ ಬೆಲೆ ಇಳಿಸೋದು ಥೇಟ್ ನಮ್ಮ ಸಂತೆಯ ಹಾಗೇ. ಭಾಷೆ ತಿಳೀದಿದ್ದರೂ ಅವರು ಏನು ಕೂಗ್ತಿದಾರೆ ಅಂತ ಗೊತ್ತಾಯ್ತು.

ಅಲ್ಲಿ ತಂಗಿಯ ಮೊಮ್ಮಗ ಒಬ್ಬನಿದ್ದಾನೆ, ಹದಿನಾರು ವರ್ಷ. ಶನಿವಾರ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನು ಜೋಡಿಸೋ ಕೆಲಸಕ್ಕೆ ಹೋಗ್ತಾನೆ. ನನ್ನ ಪುಸ್ತಕ ನೋಡಿ ಅವನಂದ:

"ದೊಡ್ಡಜ್ಜಿ, ಎಲ್ಲಾನೂ ರೂಪೀಸ್ ಮಾಡ್ಬೇಡಿ. ಮಿನಿಟ್ಸ್ ಮಾಡಿ."

"ಹಾಗಂದ್ರೆ?"

"ಇಲ್ಲಿ ದೊಡ್ಡವರಿಗೆ ಗಂಟೆಗೆ ಕಮ್ಮಿ ಅಂದ್ರೂ 24 ಡಾಲರ್ 10 ಸೆಂಟ್ ಕೊಡ್ಲೇಬೇಕು. ಈ ಜುಲೈ ಒಂದರಿಂದ. ನನಗೆ ವಯಸ್ಸು ಕಮ್ಮಿ, ಅದಕ್ಕೆ ಅಷ್ಟು ಬರಲ್ಲ. ಒಂದು ನಿಮಿಷಕ್ಕೆ 40 ಸೆಂಟ್ ಅಂತ ಹಿಡೀರಿ. ಈಗ ನಿಮ್ಮ ಕಾಫಿ ಎಷ್ಟು ನಿಮಿಷ ಹೇಳಿ."

ಹನ್ನೆರಡೂವರೆ ನಿಮಿಷ. ಅವತ್ತು ರಾತ್ರಿ ಕೂತು ಲೆಕ್ಕವನ್ನೆಲ್ಲ ಮತ್ತೆ ಬರೆದೆ. ಮಕ್ಕಳೇ, ನೀವೂ ಪೆನ್ಸಿಲ್ ತಗೊಳ್ಳಿ. ಆಗ ಸಿಡ್ನಿಯಲ್ಲಿ ಎರಡು ಲೀಟರ್ ಹಾಲಿಗೆ 3 ಡಾಲರ್ 10 ಸೆಂಟ್ ಇತ್ತು. ಒಂದು ಲೀಟರಿಗೆ 1.55, ಅಂದರೆ ನಾಲ್ಕು ನಿಮಿಷದ ಕೆಲಸ. ಈಗ ನಮ್ಮೂರು. ಉದ್ಯೋಗ ಖಾತ್ರಿಯಲ್ಲಿ 2024ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಎಂಟು ಗಂಟೆ ಅಂತ ಹಿಡಿದರೆ ಗಂಟೆಗೆ 44 ರೂಪಾಯಿ ಚಿಲ್ಲರೆಗೆ ಕಮ್ಮಿ. ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಎಂಎಲ್ ಹೆಚ್ಚು ಹಾಕಿ 2 ರೂಪಾಯಿ ಏರಿಸಿದರು ಅಂತ ಯಜಮಾನರು ಫೋನಿನಲ್ಲಿ ಹೇಳಿದ್ದರು. ಹಾಗೆ ನೋಡಿದರೆ ಆಗ ಲೀಟರಿಗೆ 42 ರೂಪಾಯಿ ಹತ್ತಿರ ಬೀಳ್ತಿತ್ತು. ನಮ್ಮೂರ ಹೆಣ್ಣಾಳು ಒಂದು ಲೀಟರ್ ಹಾಲಿಗೆ ಸುಮಾರು ಒಂದು ಗಂಟೆ ಬಿಸಿಲಲ್ಲಿ ಮಣ್ಣು ಹೊರಬೇಕಿತ್ತು. ಇಲ್ಲಿಯ ಕೆಲಸದವರಿಗೆ ನಾಲ್ಕು ನಿಮಿಷ!

ಐವತ್ತೈದರಿಂದ ಗುಣಿಸಿದಾಗ ಇಲ್ಲಿಯ ಹಾಲು ನಮ್ಮದಕ್ಕಿಂತ ಎರಡು ಪಟ್ಟು ದುಬಾರಿ. ನಿಮಿಷದಲ್ಲಿ ಅಳೆದಾಗ ನಮ್ಮ ಹಾಲೇ ಹದಿನಾಲ್ಕು ಪಟ್ಟು ದುಬಾರಿ. 22 ವರ್ಷ ಹಾಲಿನ ಲೆಕ್ಕ ಬರೆದ ನನಗೆ ಇದು ಹೊಳೆದಿರಲಿಲ್ಲ.

ಆದರೆ ಎಲ್ಲವೂ ನಿಮಿಷದಲ್ಲಿ ಮುಗಿಯಲ್ಲ. ಮಗಳ ಮನೆ ಬಾಡಿಗೆ ವಾರಕ್ಕೆ 650 ಡಾಲರ್. ಆ ಹುಡುಗ ಹೇಳಿದ ಕೂಲಿಯಲ್ಲಿ ಲೆಕ್ಕ ಹಾಕಿದರೆ 27 ಗಂಟೆ. ವಾರಕ್ಕೆ 38 ಗಂಟೆ ಕೆಲಸ ಅಂದರೆ, ಅದರಲ್ಲಿ 27 ಬರೀ ಸೂರಿಗೆ. ಮಗಳಿಗೆ, ಅಳಿಯನಿಗೆ ಸಂಬಳ ಅದಕ್ಕಿಂತ ಜಾಸ್ತಿ ಅನ್ನಿ. ಆದರೂ ಇಬ್ಬರೂ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಬರೋದು ಯಾಕೆ ಅಂತ ಆಗ ಅರ್ಥವಾಯ್ತು. ಊರಿಂದ ಫೋನ್ ಮಾಡಿದಾಗಲೆಲ್ಲ "ಅಮ್ಮಾ, ಆಮೇಲೆ ಮಾಡ್ತೀನಿ" ಅಂತಿದ್ದಳಲ್ಲ, ಅದಕ್ಕೆ ನಾನು ಮುನಿಸಿಕೊಳ್ತಿದ್ದೆನಲ್ಲ, ಅದೂ ನೆನಪಾಯ್ತು.

ಇಲ್ಲಿಂದ ಮುಂದಿನದನ್ನು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೀ ಅಂದವಳು ಮಗಳೇ.

ನಾನು ಆಗಸ್ಟ್ ಕೊನೆಗೆ ಊರಿಗೆ ಹೊರಡಬೇಕಿತ್ತು. ಮೆಲ್ಬರ್ನಿನಿಂದ ಬಂದ ಮೇಲೆ ಮಗಳು, "ಅಮ್ಮ, ಸೆಪ್ಟೆಂಬರ್ ಕೊನೆತನಕ ಇರು. ಆಫೀಸಿನಲ್ಲಿ ತುಂಬಾ ಕೆಲಸ, ಪುಟ್ಟೀನ ಸ್ಕೂಲಿಂದ ಕರ್ಕೊಂಡು ಬರೋಕೆ ನೀನಿದ್ರೆ ನಿಶ್ಚಿಂತೆ. ಗಣೇಶನ ಹಬ್ಬಾನೂ ಮುಗಿಸ್ಕೊಂಡು ಹೋಗು" ಅಂದಳು. ವೀಸಾ ಆರು ತಿಂಗಳಿಗಿತ್ತು. ಹೂಂ ಅಂದೆ. ಖುಷಿಯೂ ಆಯ್ತು.

ಆದರೆ ನನಗೆ ಬಿ.ಪಿ. ಇದೆ. ದಿನಕ್ಕೊಂದು ಮಾತ್ರೆ. ಈ ದೇಶಕ್ಕೆ ಮೂರು ತಿಂಗಳಿಗಾಗುವಷ್ಟೇ ಮಾತ್ರೆ ತರಬಹುದು ಅಂದಿದ್ದರು. ಡಾಕ್ಟರ ಚೀಟಿ ಸಮೇತ ಎಣಿಸಿ 90 ತಂದಿದ್ದೆ. ಜುಲೈ 20ಕ್ಕೆ ಎಣಿಸಿ ನೋಡಿದರೆ 35 ಉಳಿದಿತ್ತು. ಹೊರಡೋಕೆ ಇನ್ನೂ 71 ದಿನ. ಇಲ್ಲಿ ಡಾಕ್ಟರ ಹತ್ತಿರ ಹೋದರೆ ನನ್ನಂಥ ಹೊರಗಿನವರಿಗೆ 90 ಡಾಲರ್ ಆಗುತ್ತೆ, ಹಳೇ ಕಾಯಿಲೆಗೆ ಇನ್ಶೂರೆನ್ಸ್ ಬರಲ್ಲ ಅಂತ ಅಳಿಯ ಯಾವಾಗಲೋ ಮಾತಿಗೆ ಹೇಳಿದ್ದ. ಐವತ್ತೈದರಿಂದ ಗುಣಿಸಿದೆ, 4,950. ಆಮೇಲೆ ಹೊಸ ಲೆಕ್ಕ ಹಾಕಿದೆ. 90 ಡಾಲರ್ ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ ದುಡಿಮೆ. ನನ್ನ ಒಂದು ಚೀಟಿಗಾಗಿ ಯಾರೋ ನಾಲ್ಕು ಗಂಟೆ ದುಡೀಬೇಕು. ಆ "ಯಾರೋ" ನನ್ನ ಮಗಳು.

ರೂಪಾಯಿ ಲೆಕ್ಕಕ್ಕಿಂತ ಈ ನಿಮಿಷದ ಲೆಕ್ಕವೇ ನನ್ನನ್ನು ಹೆಚ್ಚು ಜಿಪುಣಿ ಮಾಡಿತು ನೋಡಿ. ಪುಸ್ತಕದಲ್ಲಿ ಬರೆದೆ: "ಮಾತ್ರೆ 35. ದಿನ 71. ದಿನ ಬಿಟ್ಟು ದಿನ. ಉಳಿತಾಯ 5,000." ಯಾರಿಗೂ ಹೇಳಲಿಲ್ಲ.

ಮೂರು ವಾರ ಏನೂ ಆಗಲಿಲ್ಲ. ಬೆಳಗ್ಗೆ ಎದ್ದಾಗ ತಲೆನೋವು ಬರ್ತಿತ್ತು. ಚಳಿಗೆ ಅಂದುಕೊಂಡೆ. ಆಗಸ್ಟಿನ ಒಂದು ಮಧ್ಯಾಹ್ನ ಪುಟ್ಟೀನ ಸ್ಕೂಲಿಂದ ಕರ್ಕೊಂಡು ಬರ್ತಿದ್ದೆ. ಸ್ಕೂಲಿನ ಮುಂದೆ ಬಾವುಟ ಕಟ್ಟಿದ ಜಾಗದಲ್ಲಿ ರಸ್ತೆ ದಾಟಿಸೋಕೆ ಒಬ್ಬಾಕೆ ನಿಂತಿರ್ತಾರಲ್ಲ, ಅಲ್ಲಿ ಅರ್ಧ ರಸ್ತೆಗೆ ಬರೋ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಕಾಲು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಆಕೆ ಓಡಿ ಬಂದು ತೋಳು ಹಿಡಿದು ಆಚೆ ಕರೆತಂದು, ಒಂದು ಮೋಟು ಗೋಡೆ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಸರಿಹೋಯ್ತು. ಪುಟ್ಟಿ ನನ್ನ ಮುಖವನ್ನೇ ನೋಡ್ತಿದ್ದಳು.

"ಏನಿಲ್ಲ ಕಣೆ, ಬಿಸಿಲಿಗೆ ಹಾಗಾಯ್ತು. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಮಾಡ್ಕೋತಾಳೆ" ಅಂದೆ.

ಆಗಸ್ಟಿನಲ್ಲಿ ಸಿಡ್ನಿಯಲ್ಲಿ ಎಂಥ ಬಿಸಿಲು! ಆದರೂ ಮಗು ತಲೆ ಆಡಿಸಿತು. ಮನೆವರೆಗೂ ನನ್ನ ಕೈ ಬಿಡಲಿಲ್ಲ.

ಆ ಭಾನುವಾರ ನಿಮ್ಮ ಟೀಚರ್ ಒಂದು ಹೋಂವರ್ಕ್ ಕೊಟ್ಟಿದ್ದು ನಿಮಗೂ ನೆನಪಿರಬಹುದು. ಅಚ್ಚಾದ ಪುಸ್ತಕ ಅಲ್ಲ, ಮನೆಯಲ್ಲಿ ಯಾರಾದರೂ ಕೈಯಲ್ಲಿ ಬರೆದ ಕನ್ನಡ ಓದಿ, ಅದರಲ್ಲಿ ತಿಳಿಯದ ಮಾತಿನ ಅರ್ಥ ಕೇಳಿ ಬರೆದುಕೊಂಡು ಬನ್ನಿ ಅಂತ. ಈಗಿನ ಮನೆಗಳಲ್ಲಿ ಕೈಯಲ್ಲಿ ಬರೆದ ಕನ್ನಡ ಎಲ್ಲಿ ಸಿಗುತ್ತೆ? ನಮ್ಮ ಮನೆಯಲ್ಲಿ ಇದ್ದದ್ದು ಒಂದೇ. ರಾತ್ರಿ ಊಟಕ್ಕೆ ಕೂತಿದ್ದಾಗ ಪುಟ್ಟಿ ನನ್ನ ಲೆಕ್ಕದ ಪುಸ್ತಕ ತಂದು ಮಧ್ಯದಲ್ಲೆಲ್ಲೋ ತೆಗೆದಳು. ಅವಳು ಒತ್ತಕ್ಷರ ಕಲಿತು ಎರಡು ತಿಂಗಳಾಗಿತ್ತಷ್ಟೆ. ಬೆರಳಿಟ್ಟುಕೊಂಡು ಓದಿದಳು.

"ಮಾ... ತ್ರೆ. ಮಾತ್ರೆ ಮೂವತ್ತೈದು. ದಿನ ಎಪ್ಪತ್ತೊಂದು. ದಿನ ಬಿ... ಟ್ಟು ದಿನ. ಅಜ್ಜಿ, ದಿನ ಬಿಟ್ಟು ದಿನ ಅಂದ್ರೆ ಏನು?"

ನಾನು ಮಾತಾಡಲಿಲ್ಲ. ಮಗಳು ತಟ್ಟೆಯಿಂದ ಕೈ ತೆಗೆದಳು. ಪುಸ್ತಕ ಎಳೆದುಕೊಂಡು ಆ ಸಾಲು ಓದಿದಳು. ಆಮೇಲೆ ಪುಟ್ಟಿ ಮೆಲ್ಲಗೆ, "ಅಮ್ಮಾ, ಅಜ್ಜಿ ರೋಡಲ್ಲಿ ಬೀಳ್ತಿದ್ರು. ಹೇಳ್ಬೇಡ ಅಂದಿದ್ರು" ಅಂತ ಅಳೋಕೆ ಶುರು ಮಾಡಿದಳು.

ಬೈತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು ಕೇಳಿದಳು:

"ಅಮ್ಮ, ಐದು ಸಾವಿರ ಉಳಿಸಿದೆ. ರಸ್ತೆ ಮಧ್ಯೆ ನಿನ್ನ ಕೈಯಲ್ಲಿ ಯಾರ ಕೈ ಇತ್ತು?"

22 ವರ್ಷದಲ್ಲಿ ಎಷ್ಟೋ ಆಡಿಟ್ ನೋಡಿದ್ದೀನಿ. ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

"ನಾನು ದುಡಿಯೋ ಗಂಟೆಯನ್ನೆಲ್ಲ ಲೆಕ್ಕ ಹಾಕಿದೀಯ. ಆ ಗಂಟೆಗಳು ಯಾರಿಗೋಸ್ಕರ ಅಂತ ಒಂದು ಕಡೆನೂ ಬರ್ದಿಲ್ಲ" ಅಂದಳು. ಆಮೇಲೆ ಎದ್ದು ಹೋಗಿ ಹೀಟರ್ ಹಾಕಿದಳು. ಅದೂ ಅವಳಿಗೆ ಗೊತ್ತಿತ್ತು ಅನ್ಸುತ್ತೆ.

ಮಾರನೇ ದಿನವೇ ಅಳಿಯ ರಜೆ ಹಾಕಿ ಡಾಕ್ಟರ ಹತ್ತಿರ ಕರ್ಕೊಂಡು ಹೋದ. ಬಿ.ಪಿ. ಮೇಲಿನದು 180 ದಾಟಿತ್ತು. ಊರಿನ ಚೀಟಿ ನೋಡಿ, ಅದೇ ಔಷಧಿ ಇಲ್ಲೂ ಸಿಗುತ್ತೆ ಅಂತ ಡಾಕ್ಟರ್ ಬರೆದುಕೊಟ್ಟರು. "ಬಿ.ಪಿ. ಮಾತ್ರೆಗೆ ರಜೆ ಇಲ್ಲ. ಚೆನ್ನಾಗಿದೀನಿ ಅನ್ನಿಸಿದ ದಿನಾನೂ ತಗೋಬೇಕು. ನಿಲ್ಲಿಸೋದು, ಕಮ್ಮಿ ಮಾಡೋದು ಡಾಕ್ಟರನ್ನ ಕೇಳದೆ ಮಾಡೋ ಹಾಗಿಲ್ಲ" ಅಂದರು. ಅಳಿಯ ಕನ್ನಡದಲ್ಲಿ ಹೇಳಿದ. ಡಾಕ್ಟರಿಗೆ 90, ಮಾತ್ರೆಗೆ 24, ಒಟ್ಟು 114 ಡಾಲರ್. ಪುಸ್ತಕದಲ್ಲಿ ಬರೆದೆ. ಗುಣಿಸಲಿಲ್ಲ.

ಆಮೇಲೆ ಹಳೇ ಪುಟಗಳನ್ನೆಲ್ಲ ತಿರುವಿ ನೋಡಿದೆ. ಜಮಾ ಖರ್ಚು ಎರಡೂ ಬರೆಯದ ಪುಸ್ತಕ ಲೆಕ್ಕವೇ ಅಲ್ಲ ಅಂತ ಡೇರಿಯ ಹುಡುಗಿಯರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೆ! ನಾನೇ ಮೂರು ತಿಂಗಳು ಬರೀ ಖರ್ಚು ಬರೆದಿದ್ದೆ. ಮಧ್ಯಾಹ್ನ ಮೂರರಿಂದ ಸಂಜೆ ಆರರ ತನಕ ಪುಟ್ಟಿ ನನ್ನ ಜೊತೆ ಇದ್ದದ್ದು, ಅವಳಿಗೆ ಮುದ್ದೆ ನುಂಗೋಕೆ ಬಂದದ್ದು, ಮಗಳು ರಾತ್ರಿ ಬಂದಾಗ ಬಿಸಿ ಸಾರು ಇದ್ದದ್ದು, ಅವಳು ಹತ್ತು ವರ್ಷದ ಮೇಲೆ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿದ್ದು, ಇದು ಯಾವುದೂ ಎಡಗಡೆ ಪುಟದಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಬಾಟಲಿ ದುಡ್ಡು 4 ಡಾಲರ್ 30 ಸೆಂಟ್.

ಅದಕ್ಕೇ ಈಗ ಮೂರು ಮಾತು ಹೇಳ್ತೀನಿ.

ಊರಿಂದ ಬರೋ ಅಜ್ಜಿ ತಾತಂದಿರಿಗೆ: ಗುಣಿಸಿ, ಪರವಾಗಿಲ್ಲ. ಅದನ್ನು ತಡೆಯೋಕೆ ಆಗಲ್ಲ. ಕಾಫಿಯಲ್ಲಿ ಉಳಿಸಿ, ಕೊತ್ತಂಬರಿಯಲ್ಲಿ ಉಳಿಸಿ. ಮಾತ್ರೆಯಲ್ಲಿ ಉಳಿಸಬೇಡಿ. ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಎಷ್ಟು ಉಳಿದಿದೆ ಅಂತ ಮಕ್ಕಳಿಗೆ ಗೊತ್ತಿರಲಿ.

ಅಪ್ಪ ಅಮ್ಮಂದಿರಿಗೆ: ಖರ್ಚಿನ ಮಾತು ನೀವು ಸುಮ್ಮನೆ ಆಡಿರ್ತೀರಿ. ನಿಮ್ಮ ಮನೆಯಲ್ಲಿ ಕೂತ ಮುದುಕರು ಅದನ್ನು ಬರೆದಿಟ್ಟುಕೊಂಡಿರ್ತಾರೆ. "ಮಾತ್ರೆ ಇದೆಯಾ ಅಮ್ಮ?" ಅಂತ ಕೇಳಿದರೆ "ಇದೆ" ಅಂತಾರೆ. ಡಬ್ಬಿ ತೆಗೆದು ನೀವೇ ಎಣಿಸಿ.

ಮಕ್ಕಳೇ, ನಿಮಗೆ: ದೊಡ್ಡವರು ಯಾರಾದರೂ "ಅಮ್ಮಂಗೆ ಹೇಳ್ಬೇಡ" ಅಂದರೆ, ಅದು ಅಮ್ಮನಿಗೆ ಹೇಳಲೇಬೇಕಾದ ಮಾತು. ನಾನು ಪುಟ್ಟಿಗೆ ಹಾಗೆ ಹೇಳಿದ್ದು ತಪ್ಪು. ಇನ್ನೊಂದು. ಭಾನುವಾರ ಬೆಳಗ್ಗೆ ಎದ್ದು ಬಂದು ಕನ್ನಡ ಯಾಕೆ ಕಲೀಬೇಕು ಅಂತ ನಿಮಗೆ ಅನ್ನಿಸಬಹುದು. ನಿಮ್ಮ ಅಜ್ಜಿಯ ಹತ್ತಿರವೂ ಒಂದು ಪುಸ್ತಕ ಇರಬಹುದು. ಅದನ್ನು ಓದೋಕೆ ನಿಮಗೆ ಬರಲಿ.

ಈ ಸೆಪ್ಟೆಂಬರ್ ಕೊನೆಗೆ ಊರಿಗೆ ಹೊರಡ್ತಿದ್ದೀನಿ. ನೀವು ಇದನ್ನು ಓದೋ ಹೊತ್ತಿಗೆ ನಮ್ಮ ಹಟ್ಟಿಯಲ್ಲಿರ್ತೀನಿ. ಲೆಕ್ಕದ ಪುಸ್ತಕವನ್ನು ಪುಟ್ಟಿಗೇ ಕೊಟ್ಟಿದ್ದೀನಿ. ಜುಲೈ 20ರ ಸಾಲನ್ನು ಅವಳು ಪೆನ್ಸಿಲ್ಲಿನಲ್ಲಿ ತಿದ್ದಿದ್ದಾಳೆ. "ದಿನ ಬಿಟ್ಟು ದಿನ" ಅಂತ ಇದ್ದ ಕಡೆ "ಬಿಟ್ಟು" ಅನ್ನೋದನ್ನು ಹೊಡೆದು ಹಾಕಿದ್ದಾಳೆ. ಈಗ "ದಿನ ದಿನ" ಅಂತಿದೆ. ಒತ್ತಕ್ಷರ ಇಲ್ಲ, ಓದೋಕೂ ಸುಲಭ.